ಅಕ್ಕಿಹಿಟ್ಟಿನ ರಂಗೋಲಿ

ಟೇಕಲ್ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದ ಭೀಮರಾಜನ ಪಕ್ಕದ ಬೆಂಚಿನಲ್ಲಿ ಅವನ ಊರಿನ ಅಂಜಮ್ಮ, ಗಂಗಾಲಕ್ಷ್ಮಿ ಕುಳಿತಿದ್ದರು. ಅವನ ಕಣ್ಣು ಪೇಪರಿನ ಮೇಲಿದ್ದರೂ ಕಿವಿ ಅತ್ತಲೇ ಇತ್ತು.

“ಹಿತ್ತಲಲ್ಲಿ ಅವರೆ ಹೆಂಗೈತೆ, ಅಂಜಕ್ಕ?”

“ಗಿಡದ ತುಂಬ ಹೇನು. ಆ ಹೇನನ್ನ ಇರುವೆಗಳೇ ಸಾಕ್ತಾವೆ ಅಂತ ಇರುವೆ ಪುಡಿ ಉದುರಿಸ್ದೆ. ಇರುವೆ ಒಂದೂ ಉಳೀಲಿಲ್ಲ.”

“ಒಳ್ಳೇದಾಯ್ತು ಬಿಡು.”

“ಏನೊಳ್ಳೇದು? ಗೆದ್ದಲು ತಿನ್ನೋರೇ ಇಲ್ದಂಗಾಯ್ತು. ನಮ್ಮೆಜಮಾನ್ರು ತೀರ್ಕೊಂಡ ವರ್ಷ ನೆಟ್ಟಿದ್ದ ಕರಿಬೇವು ಗೆದ್ದಲು ಹತ್ತಿ ಬುಡದಿಂದ್ಲೇ ಒಣಗೋಯ್ತು.”

“ಔಷಧಿ ಹೊಡೀಬೇಕಿತ್ತು.”

“ಹೊಡ್ದೆ. ಅಷ್ಟ್ರಲ್ಲಿ ಬುಡದ ಒಳಗೆಲ್ಲ ಮಣ್ಣಾಗಿತ್ತು.”

“ನಿಮ್ಮತ್ತೆ ಇರುವೆಗೇಂತ ಅಕ್ಕಿಹಿಟ್ಟಲ್ಲಿ ರಂಗೋಲಿ ಬಿಡ್ತಿದ್ರಲ್ಲ?”

“ಈಗ ನಾನೂ ಬಿಡ್ತೀನಿ ಕಣೇ, ದಿನಾ.”

ರೈಲು ಬಂತು. ಅಂಜಮ್ಮ ಎದ್ದು ಸೆರಗು ಕೊಡವಿದಳು.

“ಸಂಜೆ ನೋಡಿದ್ರೂ ಬಿಟ್ಟಿದ್ದು ಬಿಟ್ಟಂಗೇ ಇರ್ತೈತೆ,” ಎನ್ನುತ್ತ ರೈಲು ಹತ್ತಿದಳು.