ರೆಪ್ಪೆಗೆ ಎರಡನೇ ಕೋಟು

ಫೋಟೊ ಸ್ಟುಡಿಯೋದ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಮೇಷ್ಟರು ಪತ್ರಿಕೆ ಮಡಿಚಿದರು. ಪಕ್ಕದಲ್ಲಿ, ಗೋಡೆಗೆ ಬಣ್ಣ ಬಳಿಯುವ ಪೇಂಟರ್ ಒಬ್ಬ ಹೆಂಡತಿಯ ರೆಪ್ಪೆಗೆ ಐಶ್ಯಾಡೋ ಹಚ್ಚುತ್ತಿದ್ದ.

“ಹೊಸ ಕೆಲಸದ ಐಡಿ ಕಾರ್ಡಿಗೆ ಫೋಟೊ ಕಣ್ರೀ. ಹಳೇದರಲ್ಲಿ ನಿದ್ದೆ ಹೊಡೀತಿದ್ದೀನಿ ಅಂತ ಎಲ್ಲರೂ ನಕ್ಕಿದ್ರು,” ಎಂದಳು ಹೆಂಡತಿ.

“ಅದಕ್ಕೇ ಅಂಚಿಗೆ ಗಾಢ, ನಡುವೆ ತಿಳಿ. ಹೀಗೆ ಬಳಿದ್ರೆ ಪುಟ್ಟ ರೂಮೂ ದೊಡ್ಡದಾಗಿ ಕಾಣುತ್ತೆ.”

“ನನ್ನ ಕಣ್ಣು ರೂಮೇನ್ರೀ?”

“ಅಲ್ಲಾಡಬೇಡ, ಎರಡನೇ ಕೋಟು.”

“ನೇರಳೆ ಒಪ್ಪುತ್ತಾ?”

“ಕಂದು ಕಣ್ಣಿಗೆ ಅದೇ ಸರಿ. ಹಚ್ಚಿ ನೋಡಿದ್ದೀನಿ.”

“ಯಾರ ಕಣ್ಣಿಗೆ?”

“ನನ್ ಕಣ್ಣಿಗೇ ಕಣೇ.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಇಬ್ಬರೂ ಎದ್ದು ಒಳಗೆ ಹೋದರು. ಪರದೆಯಾಚೆಯಿಂದ, “ಕಣ್ಣು ಬಿಡಿಮ್ಮ,” ಎಂಬ ಫೋಟೊಗ್ರಾಫರನ ದನಿ ಮೇಷ್ಟರಿಗೆ ಕೇಳಿಸಿತು.

“ಬಿಟ್ರೆ ಬಣ್ಣ ಎಲ್ಲಿ ಕಾಣುತ್ತೆ ಸಾರ್?” ಎಂದ ಪೇಂಟರ್. “ಮುಚ್ಚಿದ ಹಾಗೇ ತೆಗೀರಿ.”