ತರ್ಜುಮೆಗೆ ನಿಂತ ಶ್ರೀಮಂತ

ಚರ್ಚಿನ ಸುಗ್ಗಿ ಹಬ್ಬದ ದಿನ ಸ್ತೋತ್ರ ಅಂದ ಕೂಡಲೇ ನಾವೆಲ್ಲ ಪೀಠದ ಮುಂದಿನ ಬುಟ್ಟಿಗಳನ್ನು ನೋಡುತ್ತೇವೆ. ಜೋಳ ಬಂತು, ದೇವರಿಗೆ ಸ್ತೋತ್ರ. ಕುಂಬಳಕಾಯಿ ಬಂತು, ಸ್ತೋತ್ರ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಒಬ್ಬರು ಹೇಳಿದ ಮಾತು ನನಗೆ ತಿಳಿಯಿತಲ್ಲ ದೇವರೇ, ಅದಕ್ಕೆ ಸ್ತೋತ್ರ ಎಂದವರು ನಮ್ಮಲ್ಲಿ ಯಾರಾದರೂ ಇದ್ದೀರಾ? ಒಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ನಮ್ಮ ಸೀಮೆಯದೇ ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಹೆಸರು ಬೇಡ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವನ ಬೀಗರನ್ನು ಹುಡುಕುತ್ತ ಕೂಡುತ್ತೀರಿ. ಕಟ್ಟಿಗೆ ಮಿಲ್ಲಿನ ಧಣಿ. ಇಂಗ್ಲಿಷು ಚೆನ್ನಾಗಿ ಬಲ್ಲ. ಸುಗ್ಗಿ ಹಬ್ಬಕ್ಕೆ ದೂರದಿಂದ ಅತಿಥಿ ಬೋಧಕರು ಬಂದರೆ ತರ್ಜುಮೆಗೆ ಅವನೇ ನಿಲ್ಲಬೇಕು. ಪದ್ಧತಿ ನಿಮಗೆ ಗೊತ್ತೇ ಇದೆ. ಅತಿಥಿಗಳು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ನಿಲ್ಲುವುದು, ಪಕ್ಕದಲ್ಲಿ ನಿಂತವನು ಅದನ್ನು ಕನ್ನಡದಲ್ಲಿ ಹೇಳುವುದು, ಆಮೇಲೆ ಅವರು ಮುಂದಿನ ಮಾತಿಗೆ ಹೋಗುವುದು. ನಮ್ಮ ಧಣಿ ಅಂದು ಇಸ್ತ್ರಿಯ ಕೋಟು ಹಾಕಿಕೊಂಡು ನಿಂತನೆಂದರೆ ಬೋಧಕರು ಯಾರು, ತರ್ಜುಮೆಯವನು ಯಾರು ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಯೆಮೀಮ ಎಂದಿಟ್ಟುಕೊಳ್ಳೋಣ. ಕನ್ನಡ ಶಾಲೆಯಲ್ಲಿದ್ದಾಗ ಗಣಿತ ಅಂದರೆ ಹುಡುಗಿಗೆ ಬೆಲ್ಲ ತಿಂದ ಹಾಗೆ. ಹೈಸ್ಕೂಲಿಗೆ ಬಂದಾಗ ಅಪ್ಪ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ. ತಪ್ಪೇನಿಲ್ಲ, ಮಗಳು ಮುಂದೆ ಬರಲಿ ಎಂಬ ಆಸೆ. ಆದರೆ ಅಲ್ಲಿಂದ ಅವಳ ಗಣಿತ ಕುಸಿಯಿತು. ಒಂಬತ್ತನೆಯ ತರಗತಿಯಲ್ಲಿ ಗಣಿತದ ಟೀಚರು ಅವನನ್ನು ಕರೆಸಿ, ಬರೀ ಅಂಕಿಯಲ್ಲಿ ಕೊಟ್ಟ ಲೆಕ್ಕವನ್ನು ಇವಳು ಎಲ್ಲರಿಗಿಂತ ಮೊದಲು ಮುಗಿಸುತ್ತಾಳೆ, ವಾಕ್ಯದಲ್ಲಿ ಕೊಟ್ಟದ್ದನ್ನು ಮುಟ್ಟುವುದೇ ಇಲ್ಲ, ಹೀಗೇ ಆದರೆ ಇದೇ ತರಗತಿಯಲ್ಲಿ ಉಳಿಯಬೇಕಾಗುತ್ತದೆ ಎಂದರು. ಮಗಳೂ ಅಷ್ಟರಲ್ಲಿ, ನಾನು ದಡ್ಡಿ, ಗಣಿತ ನನ್ನ ಹಣೆಯಲ್ಲಿ ಬರೆದಿಲ್ಲ ಎಂದು ನಂಬಿಬಿಟ್ಟಿದ್ದಳು.

ಅಪ್ಪ ಏನು ಮಾಡಿದ? ನೋಡಿ, ನಾವು ಮಾಡುವುದನ್ನೇ ಮಾಡಿದ. ಇವಳಿಗೆ ಇಂಗ್ಲಿಷು ಸಾಲದು, ಇಂದಿನಿಂದ ಮನೆಯಲ್ಲಿ ಕನ್ನಡ ಬಂದ್ ಎಂದ. ಊಟಕ್ಕೆ ಕೂತರೂ ಇಂಗ್ಲಿಷು, ಪ್ರಾರ್ಥನೆಗೆ ಕೂತರೂ ಇಂಗ್ಲಿಷು. ತಾಯಿಗೆ ಇಂಗ್ಲಿಷು ಬಾರದು. ಆಕೆ ಏನು ಮಾಡಬೇಕು ಹೇಳಿ? ರೊಟ್ಟಿ ಬಡಿದು ತಟ್ಟೆಗೆ ಹಾಕಿ ಸುಮ್ಮನಾದಳು. ತಾಯಿ ಮಗಳು ಒಂದೇ ಸೂರಿನಡಿ ಇದ್ದು ಮಾತಿಲ್ಲದೆ ಬದುಕಿದರು. ಲೆಕ್ಕ ಮಾತ್ರ ಇದ್ದಲ್ಲೇ ಇತ್ತು.

ಸುಗ್ಗಿ ಹಬ್ಬ ಬಂತು. ಆ ವರ್ಷದ ಅತಿಥಿಗಳು ಹಿರಿಯರು, ಆತ್ಮಭರಿತರು, ಬೋಧನೆಗೆ ನಿಂತರೆ ಮೈಮರೆಯುವವರು. ಎರಡು ಮಾತಿಗೆ ನಿಂತರು, ಮೂರನೆಯದಕ್ಕೆ ನಿಲ್ಲಲಿಲ್ಲ. ಹೇಳಿದರು, ಹೇಳಿದರು, ಹೇಳುತ್ತಲೇ ಹೋದರು. ಕೊನೆಗೆ ತಟ್ಟನೆ ನಿಂತು, ಈಗ ನೀನು ಹೇಳಪ್ಪ ಎನ್ನುವಂತೆ ಧಣಿಯ ಕಡೆ ತಿರುಗಿದರು. ಒಂದೊಂದು ಶಬ್ದವೂ ಅವನಿಗೆ ಗೊತ್ತು, ಒಂದೂ ಹೊಸದಲ್ಲ. ಆದರೆ ತುದಿ ಹಿಡಿಯುವಷ್ಟರಲ್ಲಿ ಬುಡ ಕೈಬಿಟ್ಟು ಹೋಗಿತ್ತು. ಇಡೀ ಸಭೆ ಅವನ ಮುಖ ನೋಡುತ್ತಿದೆ. ಹುಡುಗರು ಕಿಸಕ್ಕನೆ ನಕ್ಕರು. ಕೋಟಿನೊಳಗೆ ಬೆವರು ಇಳಿಯಿತು. ಕಡೆಗೆ ಅವನು ಅತಿಥಿಗಳ ಕಿವಿಯ ಹತ್ತಿರ ಬಾಗಿ, ದಯವಿಟ್ಟು ಸ್ವಲ್ಪ ಸ್ವಲ್ಪ ಹೇಳಿ ಎಂದು ಬೇಡಿಕೊಂಡ. ಆ ಹಿರಿಯರು ದೊಡ್ಡ ಮನಸ್ಸಿನವರು. ನಕ್ಕು, ಅವನ ಭುಜದ ಮೇಲೆ ಕೈಯಿಟ್ಟು, ಮೊದಲಿಂದ ಒಂದೊಂದೇ ಮಾತು ಹೇಳುತ್ತ ಬಂದರು. ಆಗ ತರ್ಜುಮೆ ನೀರು ಹರಿದಂತೆ ಹರಿಯಿತು.

ಆರಾಧನೆ ಮುಗಿದು ಹೊರಗೆ ಕಾಣಿಕೆಯ ಕಾಯಿಪಲ್ಲೆ ಹರಾಜು ನಡೆದಿತ್ತು. ಧಣಿ ಹರಾಜಿನ ಕಡೆ ಹೋಗದೆ ಬೇವಿನ ಮರದ ಕೆಳಗೆ ಒಬ್ಬನೇ ನಿಂತಿದ್ದ. ಮಗಳು ಹತ್ತಿರ ಬಂದಳು. ಮನೆಯ ಕಟ್ಟಳೆ ಮರೆತು ಕನ್ನಡದಲ್ಲೇ ಕೇಳಿದಳು.

"ಅಪ್ಪಾ, ಎಲ್ಲಾ ಶಬ್ದ ಗೊತ್ತಿದ್ದೂ ಕೂಡಿಸಿ ಹಿಡೀಲಿಕ್ಕೆ ಬರಲಿಲ್ಲ, ಹೌದಲ್ರೀ?"

ಅವನು ಹೌದೆಂದು ತಲೆ ಆಡಿಸಿದ.

"ಪರೀಕ್ಷಾದಾಗ ನನಗೂ ಪ್ರತಿ ಸಲ ಹಂಗ ಆಗತೈತ್ರಿ. ನೀವು ಸಾವಕಾಶ ಹೇಳ್ರಿ ಅಂದ್ರಿ, ಅವರು ಹೇಳಿದ್ರು. ನಾ ಯಾರಿಗೆ ಹೇಳಲಿ?"

ಅಷ್ಟೇ. ಅವಳು ಅಪ್ಪನನ್ನು ಚುಚ್ಚಲು ಹೇಳಿದ್ದಲ್ಲ, ಪಾಪ, ಸಮಾಧಾನ ಮಾಡಲು ಹೇಳಿದ್ದು. ಆದರೆ ಅವನಿಗೆ ತನ್ನ ತಪ್ಪು ಕಂಡಿತು. ಊರಿಗೆಲ್ಲ ತರ್ಜುಮೆ ಮಾಡುವವನು, ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಪಕ್ಕದಲ್ಲಿ ಒಂದು ದಿನವೂ ನಿಂತಿರಲಿಲ್ಲ. ಹೋಗಲಿ, ಮನೆಯಲ್ಲಿದ್ದ ತಾಯಿಯ ಬಾಯನ್ನೂ ಕಟ್ಟಿದ್ದ.

ಮನೆಗೆ ಹೋದವನೇ ಕೋಟು ತೆಗೆದು ಅಡುಗೆಮನೆಯ ನೆಲದ ಮೇಲೆ ಕೂತ. ಹೆಂಡತಿಯನ್ನೂ ಕರೆದ. ಮಗಳಿಗೆ, ಒಂದು ಲೆಕ್ಕ ಓದವ್ವ, ಒಂದೊಂದೇ ವಾಕ್ಯ ಓದಿ ನಿಲ್ಲು ಎಂದ. ಅವಳು ಓದಿ ನಿಂತಳು. ಅವನು ಕನ್ನಡದಲ್ಲಿ ಹೇಳಿದ: ಅಪ್ಪನ ವಯಸ್ಸು ಈಗ ಮಗಳ ವಯಸ್ಸಿನ ಮೂರರಷ್ಟು. ಮುಂದಿನದನ್ನು ಓದಿ ನಿಂತಳು. ಹನ್ನೆರಡು ವರ್ಷದ ಮೇಲೆ ಅದು ಎರಡರಷ್ಟೇ ಆಗುತ್ತದೆ. ಮಗಳಿಗೆ ಈಗ ಎಷ್ಟು ವಯಸ್ಸು ಎಂಬ ಮಾತು ಅಪ್ಪನ ಬಾಯಿಂದ ಬರುವ ಮೊದಲೇ ಯೆಮೀಮ ಕೈ ಎತ್ತಿದಳು.

"ಸಾಕ್ರಪ್ಪಾ, ತಿಳೀತು. ಮಗಳಿಗೆ ಹನ್ನೆರಡು, ಅಪ್ಪಗ ಮೂವತ್ತಾರು."

ತಾಯಿ ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟು ನಕ್ಕಳು. ಧಣಿಗೆ ಮಾತ್ರ ಕಣ್ಣು ತುಂಬಿ ಬಂತು. ನನ್ನ ಮಗಳು ದಡ್ಡಿಯಲ್ಲ ಎಂದು ಅವನಿಗೆ ಅಂದು ತಿಳಿಯಿತು, ಮಗಳಿಗೂ ತಿಳಿಯಿತು.

ಅಲ್ಲಿಂದ ಅದೇ ಪದ್ಧತಿಯಾಯಿತು. ಮಗಳು ಇಂಗ್ಲಿಷಿನಲ್ಲಿ ಓದಿ, ಲೆಕ್ಕದ ಕಥೆಯನ್ನು ರೊಟ್ಟಿ ಬಡಿಯುವ ತಾಯಿಗೆ ಕನ್ನಡದಲ್ಲಿ ಹೇಳುವುದು. ತಾಯಿ ಹೂಂಗುಟ್ಟಿ, ಆಮೇಲೇನಾತು ಎಂದು ಕೇಳುವುದು. ತಿಂಗಳುಗಳು ಕಳೆದ ಹಾಗೆ ಕೆಲವು ಲೆಕ್ಕಕ್ಕೆ ತರ್ಜುಮೆಯೇ ಬೇಕಾಗಲಿಲ್ಲ. ಇಂಗ್ಲಿಷೂ ತಾನಾಗಿ ಒಗ್ಗಿತು, ಕನ್ನಡ ಬಂದ್ ಮಾಡಿದ್ದಾಗ ಬಾರದ್ದು. ಹುಡುಗಿ ಹತ್ತನೆಯ ತರಗತಿಗೆ ಹೋದಳು.

ಮುಂದಿನ ಸುಗ್ಗಿ ಹಬ್ಬಕ್ಕೆ ಧಣಿ ಮಗಳ ಕೈಯಲ್ಲಿ ಸ್ತೋತ್ರದ ಕಾಣಿಕೆ ಕೊಡಿಸಿದ. ಕಾಣಿಕೆ ಏತಕ್ಕೆ ಎಂದು ಸಭೆಗೆ ಓದಿ ಹೇಳಲಿ, ಮಗಳು ಪಾಸಾದದ್ದಕ್ಕೋ ಎಂದು ಆ ಸಭೆಯ ಬೋಧಕರಾದ ಅಯ್ಯನವರು ಕೇಳಿದರು. ಅವನು ಅಲ್ಲವೆಂದು ತಲೆಯಾಡಿಸಿದ.

"ಅಲ್ರೀ ಅಯ್ಯನವರ. ಹೋದ ವರ್ಷ ಬಂದ ಹಿರಿಯರು ನಡುವ ನಿಲ್ಲದ ಮಾತಾಡಿದ್ರಲ್ಲ, ಅದಕ್ಕ ಅಂತ ಓದ್ರಿ."

ಸಭೆ ನಕ್ಕಿತು. ಅವನು ನಗಲಿಲ್ಲ.

ಈಗ ನಿಮ್ಮ ಕಡೆ ಬರುತ್ತೇನೆ. ತಪ್ಪಿಸಿಕೊಳ್ಳಬೇಡಿ. ನೀವು ಇವತ್ತು ಏನೆಲ್ಲ ಬಲ್ಲಿರೋ, ಅದನ್ನು ನಿಮಗೆ ತಿಳಿಯುವ ಮಾತಿನಲ್ಲಿ ಹೇಳಿದವರು ಒಬ್ಬರಿದ್ದರು. ಅಜ್ಜಿಯೋ, ಅಕ್ಕನೋ, ಒಬ್ಬ ಮಾಸ್ತರರೋ. ಅವರು ನಿಮಗೋಸ್ಕರ ನಿಂತರು, ಇನ್ನೊಮ್ಮೆ ಹೇಳಿದರು. ಅವರನ್ನು ಈಗ ಕೂತಲ್ಲೇ ನೆನೆಯಿರಿ, ದೇವರಿಗೆ ಸ್ತೋತ್ರ ಹೇಳಿ. ಹೇಳಿದಿರಾ? ಹಾಗಾದರೆ ಇಂದು ಸಂಜೆ ಟಿವಿ ಆರಿಸಿ, ಮಗುವಿನ ಪಕ್ಕದಲ್ಲಿ ಕೂಡಿ. ನನಗೆ ಗಣಿತ ಬಾರದು ಅನ್ನಬೇಡಿ, ಆ ತಾಯಿಗೆ ಬರುತ್ತಿತ್ತೇನು? ಎಷ್ಟು ಮಾರ್ಕ್ಸು ಬಂತು ಅನ್ನಬೇಡಿ. ಈ ಲೆಕ್ಕ ಏನು ಕೇಳುತ್ತಿದೆ, ನಮ್ಮ ಮಾತಿನಲ್ಲಿ ನನಗೊಮ್ಮೆ ಹೇಳು ಮಗಾ ಅನ್ನಿ. ಮಗು ತಡವರಿಸಿದರೆ ಬೈಯಬೇಡಿ, ಕಾಯಿರಿ. ನಿಮಗೋಸ್ಕರವೂ ಒಬ್ಬರು ಕಾದಿದ್ದರು.