ಅಕ್ಕನ ಓಟು

ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಗಾಲಿಕುರ್ಚಿಯ ಅಕ್ಕ, ಅವಳ ತಮ್ಮ. ಕೇಳಿಸಿಕೊಳ್ಳಬಾರದಿತ್ತೇನೋ, ಕಿವಿಗೆ ಬಿದ್ದಷ್ಟನ್ನು ಬರೆದಿದ್ದೇನೆ.

“ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗಿಗೆ ಡಾಂಬರಂತೆ? ಕಾಂಕ್ರೀಟು ಒಂದೇ ಓಟಲ್ಲಿ ಸೋತಿತಂತೆ?”

“ಏನ್ಮಾಡೋದಕ್ಕಾ, ಜನ ಕೇಳ್ಬೇಕಲ್ಲ.”

“ಮೀಟಿಂಗು ಮಹಡಿ ಮೇಲೆ, ಲಿಫ್ಟಿಲ್ಲ ಅಂತ ನನ್ನ ಓಟಿನ ಚೀಟೀನೂ ನಿನ್ನ ಕೈಗೇ ಕೊಟ್ಟಿದ್ದೆ. ಬಿಸಿಲಿಗೆ ಡಾಂಬರು ಮೆತ್ತಗಾಗಿ ಗಾಲಿ ಹೂತ್ಕೊಳ್ಳುತ್ತೆ ಅಂತ ಹೇಳಿರಲಿಲ್ವೇನೋ?”

“ಕಾಂಕ್ರೀಟಾದ್ರೆ ಮೂರು ವಾರ ನೀರು ಹಾಕಿ ಗಟ್ಟಿಯಾಗೋಕೆ ಬಿಡ್ಬೇಕು. ಅಲ್ಲೀವರೆಗೆ ಕಾರು ಬೀದೀಲಿ. ಹೊಸ ಕಾರು ಕಣಕ್ಕಾ.”

“ನನ್ನ ಚೀಟೀಲೂ ಡಾಂಬರು ಅಂತಾನೇ ಬರೆದ್ಯಾ?”

“ಬಿಸಿಲುಕಾಲದಲ್ಲಿ ನಾನೇ ಎತ್ಕೊಂಡು ಹೋಗ್ತೀನಿ ಬಿಡು.”

“ಮಹಾರಾಯ, ಕಾರಿಗೆ ಧೂಳು ಬಿದ್ರೆ ತಡ್ಕೊಳ್ಳಲ್ಲ, ನನ್ನ ಹೊರ್ತೀಯಾ?”

ನರ್ಸು ಕರೆದಳು. ತಮ್ಮ ಕುರ್ಚಿಯ ಹಿಡಿಗೆ ಕೈಹಾಕಿದ.

“ಕೈ ತೆಗಿ. ಇಲ್ಲಿ ನೆಲ ಗಟ್ಟಿಯಾಗಿದೆ. ನಾನೇ ಹೋಗ್ತೀನಿ.”